ಅರ್ಥವಾಗದ ಕವಿತೆಗೆ ಎಷ್ಟು ಅಂಕ?



ಕಳೆದ ನವೆಂಬರ್ ತಿಂಗಳ ಒಂದು ಭಾನುವಾರ ಸಂಜೆ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರವನ್ನೂ ನಾಲ್ಕು ವರ್ಷ ದೈವಶಾಸ್ತ್ರವನ್ನೂ ಓದಿದವನು ನಾನು. ಆದರೂ ಅವಳ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡಲು ನನಗಾಗಲಿಲ್ಲ. ನಕ್ಕು ಜಾರಿಕೊಂಡೆ. ಆ ನಗು ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಅದರ ಬಗ್ಗೆ ಈ ವಾರ ನಿಮ್ಮೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ಬಡಾವಣೆ ಬೆಂಗಳೂರಿನ ಅಂಚಿನಲ್ಲಿದೆ. ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ರಾಗಿ ಹೊಲಗಳಿದ್ದವಂತೆ. ಈಗ ಒಂದೇ ಬೀದಿಯಲ್ಲಿ ಏಳು ಭಾಷೆ ಕೇಳಿಬರುತ್ತದೆ. ಮೂಲ ಊರಿನ ಕನ್ನಡದವರು, ಮಂಗಳೂರಿನ ಕಡೆಯಿಂದ ಬಂದ ಕೊಂಕಣಿಯವರು, ಮೂರು ತಲೆಮಾರಿನಿಂದ ಇಲ್ಲೇ ಇರುವ ತಮಿಳರು, ಉರ್ದು ಮನೆಮಾತಿನವರು, ತೆಲುಗರು, ಮಲಯಾಳಿಗಳು, ಕಟ್ಟಡದ ಕೆಲಸಕ್ಕಾಗಿ ಉತ್ತರ ಕರ್ನಾಟಕದ ತಾಂಡಾಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಲಂಬಾಣಿ ಕುಟುಂಬಗಳು. ಇವರ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ ಕವಿಗೋಷ್ಠಿ ಮಾಡೋಣವೆಂದು ಬಡಾವಣೆಯ ಕೆಲವರು ಹೊರಟರು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅದರ ಮುಂದಾಳು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಸರ್ಕಾರಿ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿದರು. ಐದು ಶಾಲೆಗಳಿಂದ ಮೂವತ್ತೆರಡು ಮಕ್ಕಳು ಹೆಸರು ಕೊಟ್ಟರು. ಸ್ವಂತ ಕವಿತೆಯೇ ಆಗಿರಬೇಕು, ಮೂರು ನಿಮಿಷ ಮೀರಬಾರದು ಎಂಬುದು ನಿಯಮ. ತೀರ್ಪುಗಾರರು ಮೂವರು. ಕನ್ನಡ ಉಪನ್ಯಾಸಕಿಯಾಗಿದ್ದವರೊಬ್ಬರು, ಉರ್ದು ಶಾಲೆಯ ಶಿಕ್ಷಕರೊಬ್ಬರು, ಜತೆಗೆ ನಾನು. ವಿಷಯಕ್ಕೆ 40, ಭಾಷೆಗೆ 30, ವಾಚನಕ್ಕೆ 30 ಅಂಕ.

ಭಾಷೆಯ ವಿಚಾರಕ್ಕೆ ಮೊದಲೇ ಚರ್ಚೆಯಾಗಿತ್ತು. ಮೇಷ್ಟ್ರು "ಇದು ರಾಜ್ಯೋತ್ಸವದ ತಿಂಗಳು, ಕನ್ನಡ ಮಾತ್ರ ಸಾಕು" ಎಂದಿದ್ದರು. ಉರ್ದು ಶಿಕ್ಷಕರು "ಮಗು ಮನೆಯಲ್ಲಿ ಅಳುವ ಭಾಷೆಯಲ್ಲಿ ಬರೆದರೆ ತಾನೆ ಕವಿತೆ?" ಎಂದರು. ಕೊನೆಗೆ ಯಾವ ಭಾಷೆಯಾದರೂ ಸರಿ, ಓದುವ ಮೊದಲು ಕನ್ನಡದಲ್ಲಿ ಎರಡು ಮಾತಿನ ಸಾರಾಂಶ ಹೇಳಬೇಕು ಎಂದು ತೀರ್ಮಾನವಾಯಿತು. ಅಂದಿನ ಗಡಿಬಿಡಿಯಲ್ಲಿ ಆ ನಿಯಮವನ್ನು ಯಾರೂ ಸರಿಯಾಗಿ ಪಾಲಿಸಲಿಲ್ಲ.

ಕನ್ನಡದಲ್ಲಿ ಹದಿನಾಲ್ಕು, ಇಂಗ್ಲಿಷಿನಲ್ಲಿ ಆರು, ಉರ್ದುವಿನಲ್ಲಿ ನಾಲ್ಕು, ತಮಿಳಿನಲ್ಲಿ ಮೂರು, ತೆಲುಗಿನಲ್ಲಿ ಎರಡು, ಕೊಂಕಣಿ, ಮಲಯಾಳಂಗಳಲ್ಲಿ ಒಂದೊಂದು ಕವಿತೆ ಬಂದವು. ಕೊನೆಯಲ್ಲಿ ಬಂದವಳು ಲಂಬಾಣಿ ಹುಡುಗಿ. ಸಮವಸ್ತ್ರದಲ್ಲೇ ಬಂದಿದ್ದಳು. ಕಾಗದ ನೋಡದೆ, ಕೈ ಕಟ್ಟಿಕೊಂಡು, ಸ್ಪಷ್ಟವಾದ ದನಿಯಲ್ಲಿ ತನ್ನ ಮಾತಿನಲ್ಲಿ ಕವಿತೆ ಹೇಳಿದಳು. ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ ಎಂಬುದೊಂದು ನನಗೆ ಗೊತ್ತಿತ್ತು. ಆ ಪದ ನಾಲ್ಕೈದು ಸಲ ಬಂತು. ಅದನ್ನು ಬಿಟ್ಟರೆ ಒಂದು ಶಬ್ದವೂ ನನಗೆ ಅರ್ಥವಾಗಲಿಲ್ಲ. ಉಳಿದ ಇಬ್ಬರು ತೀರ್ಪುಗಾರರಿಗೂ ಆಗಲಿಲ್ಲ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು 78 ಅಂಕ ಬರೆದೆ.

ಮೂವರ ಅಂಕ ಕೂಡಿದಾಗ ಅವಳು ಐದನೆಯವಳಾದಳು. ಬಹುಮಾನ ಇದ್ದದ್ದು ಐದೇ, ಮೊದಲ ಮೂರು ಸ್ಥಾನ ಮತ್ತು ಎರಡು ಸಮಾಧಾನಕರ ಬಹುಮಾನ. ವೇದಿಕೆಯಲ್ಲಿ ಅವಳ ಕೈಗೆ ಸ್ಟೀಲಿನ ಟಿಫಿನ್ ಡಬ್ಬಿ ಕೊಟ್ಟವನು ನಾನೇ. ಆಗ ಅವಳು ಮೆಲ್ಲಗೆ ಕೇಳಿದಳು:

"ಫಾದರ್, ನಿಮಗೆ ನಮ್ಮ ಮಾತು ಬರುತ್ತಾ?"

"ಇಲ್ಲಮ್ಮ."

"ಮತ್ತೆ ಅಂಕ ಹೇಗೆ ಕೊಟ್ಟಿರಿ?"

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದ್ದಳು. ನಾನು "ಚೆನ್ನಾಗಿ ಹೇಳಿದೆಯಲ್ಲ ಮಗಳೇ, ಅದಕ್ಕೆ" ಎಂದು ನಕ್ಕೆ. ಅವಳು ಡಬ್ಬಿ ತೆಗೆದುಕೊಂಡು ಇಳಿದು ಹೋದಳು.

ಮುಖ ನೋಡಿ ಮಣೆ

ಆ ರಾತ್ರಿ ನಾನು ನನ್ನನ್ನೇ ಕೇಳಿಕೊಂಡೆ: ನಾನು ಮಾಡಿದ್ದು ಏನು? ತಪ್ಪೋ ಸರಿಯೋ?

ಮೊದಲು ತೋರಿದ ಉತ್ತರ ಸುಲಭವಾಗಿತ್ತು. ಬಡ ಮಗು, ಗಾರೆ ಕೆಲಸದವರ ಮಗಳು, ತನ್ನ ಭಾಷೆಯಲ್ಲಿ ಧೈರ್ಯವಾಗಿ ಹೇಳಿದಳು. ಪ್ರೋತ್ಸಾಹ ಕೊಟ್ಟೆ. ಅದರಲ್ಲಿ ಪಾಪವೇನು? ಸೊನ್ನೆ ಕೊಟ್ಟಿದ್ದರೆ ಅದು ಅನ್ಯಾಯವಾಗುತ್ತಿತ್ತು. ನನಗೆ ಅರ್ಥವಾಗದ್ದು ನನ್ನ ಕೊರತೆ, ಅವಳದಲ್ಲ.

ಆದರೆ ಮನಸ್ಸು ಒಪ್ಪಲಿಲ್ಲ. ಉಳಿದ ಮಕ್ಕಳ ಅಂಕಪಟ್ಟಿಯನ್ನು ನೆನಪಿಸಿಕೊಂಡೆ. ಕನ್ನಡದಲ್ಲಿ ಓದಿದ ಒಬ್ಬ ಹುಡುಗ ತನ್ನ ತಾತನ ಸೈಕಲ್ ಅಂಗಡಿಯ ಬಗ್ಗೆ ಬರೆದಿದ್ದ. ಒಳ್ಳೆಯ ಕವಿತೆ. ಪ್ರಾಸಕ್ಕಾಗಿ ಎರಡು ಕಡೆ ಸಲ್ಲದ ಪದ ತಂದಿದ್ದಾನೆಂದು ನಾನು ಅಂಕ ಕಳೆದಿದ್ದೆ. ಇನ್ನೊಬ್ಬಳು ಪಠ್ಯಪುಸ್ತಕದ ಪದ್ಯದ ಧಾಟಿಯನ್ನೇ ಎತ್ತಿಕೊಂಡಿದ್ದಾಳೆಂದು ಕಳೆದಿದ್ದೆ. ಇಂಗ್ಲಿಷಿನಲ್ಲಿ ಓದಿದವನೊಬ್ಬ ತಾನು ಎಂದೂ ನೋಡದ ಹಿಮದ ಬಗ್ಗೆ ಬರೆದಿದ್ದ, ಅವನಿಗೂ ಕಳೆದಿದ್ದೆ. ಅಂದರೆ ಆ ಮಕ್ಕಳ ಮಾತನ್ನು ನಾನು ಗಂಭೀರವಾಗಿ ಕೇಳಿದ್ದೆ, ತಪ್ಪು ಹುಡುಕುವಷ್ಟು ಗಮನ ಕೊಟ್ಟಿದ್ದೆ. ಲಂಬಾಣಿ ಹುಡುಗಿಯ ಕವಿತೆಯಲ್ಲಿ ನಾನು ಒಂದು ತಪ್ಪನ್ನೂ ಹುಡುಕಲಿಲ್ಲ, ಏಕೆಂದರೆ ಹುಡುಕುವಂತಿರಲಿಲ್ಲ. ಅವಳಿಗೆ ಕೊಟ್ಟದ್ದು ಕವಿತೆಯ ಅಂಕವಲ್ಲ. ಅವಳ ಸಮವಸ್ತ್ರಕ್ಕೆ, ಅವಳ ಶೆಡ್ಡಿಗೆ, ನನ್ನ ಮನಸ್ಸಿನಲ್ಲಿ ಹುಟ್ಟಿದ ಮರುಕಕ್ಕೆ ಕೊಟ್ಟ ಅಂಕ ಅದು.

ನಮ್ಮ ಹಿರಿಯರು ಇದಕ್ಕೆ ಮುಖ ನೋಡಿ ಮಣೆ ಹಾಕುವುದು ಎನ್ನುತ್ತಾರೆ. ಸಾಮಾನ್ಯವಾಗಿ ಶ್ರೀಮಂತನಿಗೆ ದೊಡ್ಡ ಮಣೆ ಹಾಕಿದಾಗ ಈ ಮಾತನ್ನು ಬಳಸುತ್ತೇವೆ. ಆದರೆ ಬಡವನಿಗೂ ಮುಖ ನೋಡಿ ಮಣೆ ಹಾಕಬಹುದು. ಸಂತ ತೋಮಾಸ್ ಅಕ್ವಿನಾಸರು ಈ ಪಕ್ಷಪಾತವನ್ನು ನ್ಯಾಯಕ್ಕೆ ವಿರುದ್ಧವಾದ ಪಾಪಗಳ ಸಾಲಿನಲ್ಲಿಟ್ಟು ಚರ್ಚಿಸಿದ್ದಾರೆ. ಕೊಡುವ ವಸ್ತುವಿಗೆ ಸಂಬಂಧವೇ ಇಲ್ಲದ ಕಾರಣ ನೋಡಿ ಕೊಡುವುದೇ ಅದರ ತಿರುಳು. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಇನ್ನೂ ನೇರವಾಗಿದೆ. ತೀರ್ಪು ಕೊಡುವಾಗ ದೊಡ್ಡವನ ಮುಲಾಜಿಗೂ ಒಳಗಾಗಬಾರದು, ಬಡವನೆಂದು ಅವನ ಕಡೆಗೂ ವಾಲಬಾರದು ಎನ್ನುತ್ತದೆ. ಬಡವರ ಪರವಾಗಿ ಇಷ್ಟೆಲ್ಲ ಮಾತಾಡುವ ಅದೇ ಗ್ರಂಥ ಹೀಗೇಕೆ ಹೇಳಿತು? ಬಡವನಿಗೆ ಬೇಕಾದದ್ದು ನ್ಯಾಯ. ಅದರ ಜಾಗದಲ್ಲಿ ಕರುಣೆಯನ್ನಿಟ್ಟು ಕೈತೊಳೆದುಕೊಳ್ಳುವುದು ನಮಗೆ ಬಹಳ ಸುಲಭ ಎಂಬುದೇ ಕಾರಣವಿರಬೇಕು.

ಇನ್ನೂ ಒಂದು ಮಾತಿದೆ. ಬಹುಮಾನ ಐದೇ ಇದ್ದವು ಎಂದೆನಲ್ಲ. ಆರನೆಯವನಾಗಿ ಉಳಿದವನು ಆ ಸೈಕಲ್ ಅಂಗಡಿಯ ಹುಡುಗ. ಅವನಿಗೂ ಅವಳಿಗೂ ಮಧ್ಯೆ ಇದ್ದ ಅಂತರ ಎರಡು ಅಂಕ. ನನ್ನ ಧಾರಾಳತನದ ಬೆಲೆಯನ್ನು ನಾನು ಕೊಡಲಿಲ್ಲ, ಅವನು ಕೊಟ್ಟ. ನಮ್ಮ ಎಷ್ಟೋ ದಾನಗಳು ಹೀಗೆಯೇ ಇರುತ್ತವೆ. ಹೆಸರು ನಮ್ಮದು, ಖರ್ಚು ಮತ್ತೊಬ್ಬರದು.

ನೋಡುವುದು ಬೇರೆ, ಕೇಳುವುದು ಬೇರೆ

ಈ ತಪ್ಪು ನನ್ನೊಬ್ಬನದು ಎಂದು ನನಗೆ ಅನ್ನಿಸುವುದಿಲ್ಲ. "ವಿವಿಧತೆಯಲ್ಲಿ ಏಕತೆ" ಎಂದು ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಾವು ಮಾಡುವುದೇನು? ಒಬ್ಬ ಮಗುವಿಗೆ ಕೊಡವರ ಕುಪ್ಪಸ, ಇನ್ನೊಬ್ಬಳಿಗೆ ಲಂಬಾಣಿಯರ ಕನ್ನಡಿ ಹಚ್ಚಿದ ಲಂಗ, ಮತ್ತೊಬ್ಬನಿಗೆ ಟೋಪಿ, ಮತ್ತೊಬ್ಬನಿಗೆ ಪಂಚೆ ಉಡಿಸಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಊಟದ ಮಳಿಗೆ ಇಟ್ಟು ನೀರ್ ದೋಸೆ, ಬಿರಿಯಾನಿ, ಪುಟ್ಟು ತಿಂದು ಬರುತ್ತೇವೆ. ತಪ್ಪೇನಿಲ್ಲ, ಖುಷಿಯೇ. ಆದರೆ ಉಡುಪು ನೋಡುವುದಕ್ಕೆ, ತಿಂಡಿ ತಿನ್ನುವುದಕ್ಕೆ ನಮ್ಮ ಕಡೆಯಿಂದ ಶ್ರಮವೇನೂ ಬೇಕಿಲ್ಲ. ಭಾಷೆ ಹಾಗಲ್ಲ. ಮತ್ತೊಬ್ಬರ ಭಾಷೆ ಕಣ್ಣಿಗೆ ಕಾಣುವ ಅಲಂಕಾರವಲ್ಲ. ಕೂತು, ಕೇಳಿ, ಮತ್ತೆ ಕೇಳಿ, ತಿಳಿದವರನ್ನು ವಿಚಾರಿಸಿ ದಕ್ಕಿಸಿಕೊಳ್ಳಬೇಕಾದದ್ದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು ನೂರಕ್ಕೆ ಸುಮಾರು 66 ಮಂದಿ. ಉಳಿದ ಮೂರನೇ ಒಂದು ಭಾಗದ ಜನ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಹೀಗೆ ಬೇರೆ ಬೇರೆ ಮನೆಮಾತಿನವರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಾ ಬಂದಿದೆ. ನಮ್ಮಲ್ಲಿ ಅನೇಕರ ಮನೆಮಾತಾದ ಕೊಂಕಣಿ ಎಂಟನೆಯ ಅನುಸೂಚಿಗೆ ಸೇರಲು 1992ರವರೆಗೆ ಕಾಯಬೇಕಾಯಿತು. ಲಂಬಾಣಿ ಇಂದಿಗೂ ಅದರಲ್ಲಿಲ್ಲ. ಅದಕ್ಕೆ ತನ್ನದೇ ಲಿಪಿಯ ಪರಂಪರೆಯೂ ಇಲ್ಲ, ನಮ್ಮ ಕಡೆ ಬರೆಯುವವರು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಾರೆ. ಅಂಥ ಭಾಷೆಯಲ್ಲಿ ಒಂದು ಮಗು ಕವಿತೆ ಕಟ್ಟಿತು ಎಂದರೆ, ಅದನ್ನು ಮನೆಯಾಚೆಗೆ ಕೇಳಿದ ಮೊದಲ ಜನ ನಾವೇ ಇರಬಹುದು. ಆ ಮೊದಲ ಕಿವಿಯೇ ಕಿವುಡಾದರೆ?

ಮೇಷ್ಟ್ರ ಮಾತೂ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ "ಕನ್ನಡ ಮಾತ್ರ ಸಾಕು" ಎಂದ ಮೇಷ್ಟ್ರನ್ನು ಸಂಕುಚಿತ ಮನಸ್ಸಿನವರೆಂದು ನೀವು ತಿಳಿದೀರಿ. ಹಾಗೆ ತಿಳಿಯಬೇಡಿ. ಅವರ ವಾದದಲ್ಲಿ ಎರಡು ಗಟ್ಟಿ ಕಾಳುಗಳಿವೆ.

ಒಂದು, ಕನ್ನಡದ ಮನೆಗಳಿಂದ ಬಂದ ಮಕ್ಕಳೇ ಕನ್ನಡ ಓದಲು ತಡವರಿಸುತ್ತಿದ್ದಾರೆ. ಆ ದಿನ ಇಂಗ್ಲಿಷಿನಲ್ಲಿ ಓದಿದ ಆರರಲ್ಲಿ ನಾಲ್ವರ ಮನೆಮಾತು ಕನ್ನಡವೇ. ಎಲ್ಲ ಭಾಷೆಗೂ ಸಮಾನ ಬಾಗಿಲು ಎಂದರೆ ಎಷ್ಟೋ ಸಲ ದುಡ್ಡಿನ ಬೆಂಬಲವಿರುವ ಭಾಷೆಯೊಂದೇ ಒಳಗೆ ನುಗ್ಗುತ್ತದೆ. ಎರಡು, ಒಬ್ಬರಿಗೊಬ್ಬರು ತಿಳಿಯದ ಎಂಟು ಭಾಷೆಗಳಲ್ಲಿ ಮೂವತ್ತೆರಡು ಮಕ್ಕಳು ಒಂದರ ನಂತರ ಒಂದು ಓದಿ ಇಳಿದರೆ ಅದು ಗೋಷ್ಠಿಯಾಗುವುದಿಲ್ಲ, ಬಸ್ ನಿಲ್ದಾಣವಾಗುತ್ತದೆ. ಪಕ್ಕಪಕ್ಕದಲ್ಲಿ ಕೂತಿದ್ದರೂ ಯಾರೂ ಯಾರನ್ನೂ ಕೇಳಿಸಿಕೊಂಡಿರುವುದಿಲ್ಲ. ಎಲ್ಲರೂ ಸೇರಲು ಒಂದು ಅಂಗಳ ಬೇಕು. ಈ ನೆಲದಲ್ಲಿ ಆ ಅಂಗಳ ಕನ್ನಡವಲ್ಲದೆ ಮತ್ತಾವುದು?

ನಾನು ಇದನ್ನು ಒಪ್ಪುತ್ತೇನೆ. ಆದರೆ ಅಂಗಳವಿದೆಯೆಂದು ಒಳಮನೆಯನ್ನು ಕೆಡವಬೇಕಾಗಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯೇ ಅದಕ್ಕೆ ಸಾಕ್ಷಿ. 1973ರ ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆಮಾತು ಮರಾಠಿ. 1983ರ ಜ್ಞಾನಪೀಠದ ಮಾಸ್ತಿಯವರದು ತಮಿಳು. 1998ರಲ್ಲಿ ಅದೇ ಪ್ರಶಸ್ತಿ ಪಡೆದ ಗಿರೀಶ ಕಾರ್ನಾಡರದು ಕೊಂಕಣಿ. ನಿತ್ಯೋತ್ಸವದ ಕವಿ ನಿಸಾರ್ ಅಹಮದ್ ಅವರದು ಉರ್ದು. ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು ಕೊಂಕಣಿ ಮನೆಯವರು. ಅವರು ಇಟ್ಟುಕೊಂಡ ಕಾವ್ಯನಾಮವೇ ಕವಿಶಿಷ್ಯ, ಅಂದರೆ ಕವಿಯ ವಿದ್ಯಾರ್ಥಿ! ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತು ಕನ್ನಡದಲ್ಲಿ ಗೊಲ್ಗೊಥಾ ಎಂಬ ಖಂಡಕಾವ್ಯ ಬರೆದವರು ಕ್ರೈಸ್ತರಲ್ಲದ ಈ ಕವಿಯೇ. ಹಾಗೆ ಬರೆಯಬೇಕಾದರೆ ಅವರು ನಮ್ಮ ಕಥೆಯನ್ನು ಎಷ್ಟು ಹೊತ್ತು ಕಿವಿಗೊಟ್ಟು ಕೇಳಿರಬೇಕು! ನಾವು ಅವರ ಕಥೆಗಳನ್ನು ಅಷ್ಟು ಹೊತ್ತು ಕೇಳಿದ್ದೇವೆಯೇ?

ಈ ಹಿರಿಯರು ಯಾರೂ ಒಳಮನೆಯ ಮಾತನ್ನು ಮರೆತು ಕನ್ನಡದ ಕವಿಗಳಾಗಲಿಲ್ಲ. ಕನ್ನಡವೂ ಅವರನ್ನು ಮನೆಮಾತು ಯಾವುದೆಂದು ಕೇಳಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೇಷ್ಟ್ರು ಸೂಚಿಸಿದ ಕನ್ನಡ ಸಾರಾಂಶ ಇದ್ದಿದ್ದರೆ ಆ ದಿನ ಲಂಬಾಣಿ ಕವಿತೆಯೂ ಅಂಗಳಕ್ಕೆ ಬರುತ್ತಿತ್ತು. ಕನ್ನಡ ಕಡಿಮೆಯಾದದ್ದರಿಂದಲೇ ಲಂಬಾಣಿಯೂ ಸೋತಿತು. ಇವೆರಡು ಎದುರಾಳಿಗಳಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಭಾಷೆಯನ್ನು ಸೇತುವೆ ಮಾಡಬಹುದು, ತಡೆಗಟ್ಟೆಯನ್ನೂ ಮಾಡಬಹುದು. ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯದಲ್ಲಿ ಒಂದು ಭಯಂಕರ ಪ್ರಸಂಗವಿದೆ. ಜೋರ್ಡನ್ ನದಿ ದಾಟಲು ಬಂದ ಎಫ್ರಯಿಮಿನವರಿಗೆ ಗಿಲ್ಯಾದಿನವರು ಷಿಬ್ಬೋಲೆತ್ ಎಂಬ ಒಂದು ಪದ ಹೇಳಿಸುತ್ತಾರೆ. ಷಕಾರ ನಾಲಗೆಗೆ ಬರದೆ ಸಕಾರ ಹೇಳಿದವರನ್ನು ಹಿಡಿದು ಕೊಲ್ಲುತ್ತಾರೆ. ಆಗ ಸತ್ತವರು 42,000 ಮಂದಿ ಎನ್ನುತ್ತದೆ ಗ್ರಂಥ. ಒಂದು ಅಕ್ಷರಕ್ಕೆ ಇಷ್ಟು ಹೆಣ! ಅವರಿಬ್ಬರೂ ಒಂದೇ ಇಸ್ರಯೇಲಿನ ಮಕ್ಕಳು ಎಂಬುದನ್ನು ಮರೆಯಬೇಡಿ. ಪೂಜೆ ಯಾವ ಭಾಷೆಯಲ್ಲಿ, ಯಾವ ಹೊತ್ತಿಗೆ ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ನಡೆದ ಜಗಳಗಳೂ ನಮಗೆ ತಿಳಿಯದ್ದಲ್ಲ. ಅಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇಲ್ಲಿ ಬರೆಯಲಾರೆ. ಇಷ್ಟನ್ನು ಮಾತ್ರ ಕೇಳುತ್ತೇನೆ: ನಮ್ಮ ಪಕ್ಕದ ಬೆಂಚಿನಲ್ಲಿ ಹತ್ತು ವರ್ಷಗಳಿಂದ ಕೂರುವವರ ಭಾಷೆಯ ಒಂದು ಹಾಡನ್ನಾದರೂ ಅರ್ಥ ಕೇಳಿ ತಿಳಿದುಕೊಂಡಿದ್ದೇವೆಯೇ?

ಸಾಂತಾ ಫೇಯ ಒಬ್ಬ ಶಿಕ್ಷಕ

ಮಕ್ಕಳ ಬರವಣಿಗೆಯನ್ನು ಗಂಭೀರವಾಗಿ ಕೇಳಿದವರೊಬ್ಬರ ಕಥೆ ನಮ್ಮ ಸಭೆಯಲ್ಲೇ ಇದೆ. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೇ ನಗರದ ಯೇಸುಸಭೆಯ ಶಾಲೆಯಲ್ಲಿ ಇನ್ನೂ ಗುರುಪಟ್ಟ ಪಡೆಯದ ತರುಣನೊಬ್ಬ ಸಾಹಿತ್ಯ ಕಲಿಸುತ್ತಿದ್ದ. ಪಠ್ಯದಲ್ಲಿದ್ದ ಹಳೆಯ ಸ್ಪ್ಯಾನಿಷ್ ವೀರಕಾವ್ಯ ಹುಡುಗರಿಗೆ ರುಚಿಸಲಿಲ್ಲ. ಅವರು ತಮ್ಮ ಕಾಲಕ್ಕೆ ಹತ್ತಿರದ ಗಾರ್ಸಿಯಾ ಲೋರ್ಕಾನನ್ನು ಓದಬೇಕೆಂದರು. ಶಿಕ್ಷಕ ಗದರಲಿಲ್ಲ. ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರ ಬಗ್ಗೆ ಮಾತಾಡೋಣ ಎಂದ. ಆಮೇಲೆ ಹುಡುಗರಿಂದಲೇ ಕಥೆ ಬರೆಸಿದ. 1965ರಲ್ಲಿ ಆ ದೇಶದ ಅತಿ ದೊಡ್ಡ ಸಾಹಿತಿ ಹೋರ್ಹೆ ಲೂಯಿಸ್ ಬೋರ್ಹೆಸ್ ಅವರನ್ನು ಶಾಲೆಗೆ ಕರೆಸಿದ. ಆಗ ಬೋರ್ಹೆಸ್‌ರಿಗೆ ಅರುವತ್ತು ದಾಟಿತ್ತು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆ ಹುಡುಗರ ಕಥೆಗಳಿಗೆ ಅವರು ಮುನ್ನುಡಿ ಬರೆದುಕೊಟ್ಟರು, ಪುಸ್ತಕ ಅದೇ ವರ್ಷ ಅಚ್ಚಾಯಿತು.

ಆ ಶಿಕ್ಷಕನ ಹೆಸರು ಹೋರ್ಹೆ ಮಾರಿಯೊ ಬೆರ್ಗೊಗ್ಲಿಯೊ. ಮುಂದೆ ಅವರೇ ಪೋಪ್ ಫ್ರಾನ್ಸಿಸ್ ಆದರು. 2025ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಅವರು ಅದಕ್ಕೆ ಒಂಬತ್ತು ತಿಂಗಳ ಮುಂಚೆ, 2024ರ ಜುಲೈಯಲ್ಲಿ, ಸಾಹಿತ್ಯದ ಓದಿನ ಬಗ್ಗೆ ಒಂದು ಪತ್ರ ಬರೆದರು. ಸಾಂತಾ ಫೇಯ ಆ ದಿನಗಳನ್ನು ಅದರಲ್ಲಿ ನೆನೆದಿದ್ದಾರೆ. ಸಾಹಿತ್ಯವೆಂದರೆ ಮತ್ತೊಬ್ಬರ ದನಿಗೆ ಕಿವಿಗೊಡುವುದು ಎಂಬ ಅರ್ಥವಿವರಣೆ ತಮಗೆ ಪ್ರಿಯವೆಂದು ಹೇಳಿದ್ದಾರೆ. ಕಣ್ಣಿಲ್ಲದ ಮುದುಕ ಹುಡುಗರ ಕಥೆಗಳನ್ನು ಸ್ವತಃ ಓದಿರಲಾರರು, ಯಾರಿಂದಲೋ ಓದಿಸಿ ಕೇಳಿಯೇ ತಿಳಿದಿರಬೇಕು. ಆ ಶ್ರಮವೇ ಆ ಹುಡುಗರಿಗೆ ಸಿಕ್ಕ ನಿಜವಾದ ಬಹುಮಾನ ಎಂದು ನನಗನ್ನಿಸುತ್ತದೆ.

ಅಮೆರಿಕದ ಷಿಕಾಗೊ ನಗರದ ಕಪ್ಪುಜನರ ಬಡಾವಣೆ ಬ್ರಾಂಜ್‌ವಿಲ್. ಅಲ್ಲಿ ಬೆಳೆದ ಗ್ವೆಂಡೊಲಿನ್ ಬ್ರೂಕ್ಸ್ ಎಂಬ ಕವಯಿತ್ರಿ 1945ರ ತಮ್ಮ ಮೊದಲ ಸಂಕಲನಕ್ಕೆ ಆ ಬಡಾವಣೆಯ ಹೆಸರನ್ನೇ ಇಟ್ಟರು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಕಪ್ಪು ಅಮೆರಿಕನ್ ಎನಿಸಿದರು. 1968ರಲ್ಲಿ ಇಲಿನಾಯ್ ರಾಜ್ಯದ ರಾಜ್ಯಕವಿಯಾದ ಮೇಲೆ, 2000ದಲ್ಲಿ ತೀರಿಕೊಳ್ಳುವವರೆಗೂ, ಶಾಲಾ ಮಕ್ಕಳಿಗಾಗಿ ಕವಿತಾ ಸ್ಪರ್ಧೆ ನಡೆಸಿ ತಮ್ಮ ಕೈಯಿಂದಲೇ ಬಹುಮಾನದ ಹಣ ಕೊಡುತ್ತಿದ್ದರು. ಬಹುಮಾನ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಈ ಹೆಸರನ್ನು ನೆನೆದೆ. ಬಹುಮಾನ ಒಳ್ಳೆಯದೇ. ಅದರ ಹಿಂದೆ ಕೇಳಿದ ಕಿವಿ ಇರಬೇಕು, ಅಷ್ಟೇ.

ಶೆಡ್ಡಿನ ಮುಂದೆ

ಒಂದು ವಾರ ಕಳೆದ ಮೇಲೆ ನಾನು ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡೀರಿ ಫಾದರ್, ಆ ಹುಡುಗಿ ಮನೆಗೆ ಹೋಗಿ ಬರೋಣ, ನಾನೂ ಬರ್ತೀನಿ" ಎಂದರು. ಕನ್ನಡ ಮಾತ್ರ ಸಾಕು ಎಂದವರು ಅವರೇ ಎಂಬುದು ನೆನಪಿರಲಿ.

ಸಂಜೆ ಶೆಡ್ಡಿನ ಮುಂದೆ ಹುಡುಗಿಯ ತಾಯಿ ಎರಡು ಸಿಮೆಂಟ್ ಚೀಲ ಹಾಸಿ "ಕೂತ್ಕೊಳ್ಳಿ ಸಾಮಿ" ಎಂದರು. ಹುಡುಗಿ ಕವಿತೆಯನ್ನು ಒಂದೊಂದೇ ಸಾಲು ಹೇಳಿ, ಕನ್ನಡದಲ್ಲಿ ಅರ್ಥ ಬಿಡಿಸಿದಳು. ಯಾಡಿ ಎಂಬ ಪದ ಕೇಳಿ ನಾನು ಅದನ್ನು ತಾಯಿಯ ಗುಣಗಾನವೆಂದುಕೊಂಡಿದ್ದೆ. ಅದು ಹಾಗಿರಲಿಲ್ಲ. ತಾಯಿ ತಂದೆ ಒಂದು ಮನೆ ಕಟ್ಟಿ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಪ್ರತಿ ಮನೆಯಲ್ಲೂ ಗಾರೆ ಬಳಿಯುವ ಮೊದಲು ಈ ಹುಡುಗಿ ಇದ್ದಲಿನಿಂದ ಇಟ್ಟಿಗೆಯ ಮೇಲೆ ತನ್ನ ಹೆಸರು ಬರೆಯುತ್ತಾಳೆ. ಆಮೇಲೆ ಗಾರೆ ಬೀಳುತ್ತದೆ, ಬಣ್ಣ ಬೀಳುತ್ತದೆ, ಯಾರೋ ಬಂದು ಸೇರುತ್ತಾರೆ. ಅವರು ಮಲಗುವ ಕೋಣೆಯ ಗೋಡೆಯೊಳಗೆ ತನ್ನ ಹೆಸರಿದೆ ಎಂಬುದು ಅವರಿಗೆ ಗೊತ್ತಿಲ್ಲ. ಯಾಡಿಗೆ ಗೊತ್ತು, ಆದರೆ ಬೈಯುತ್ತಾಳೆ. ಇದು ಆ ಕವಿತೆ. ಅದರಲ್ಲಿ ಅಳು ಇರಲಿಲ್ಲ. ಒಂದು ಬಗೆಯ ತುಂಟತನ ಇತ್ತು. ನನ್ನ ಮರುಕ ಎಷ್ಟು ತಪ್ಪು ವಿಳಾಸಕ್ಕೆ ಹೋಗಿತ್ತು!

ಕೊನೆಯಲ್ಲಿ ನಾಲ್ಕು ಸಾಲು ವಿದ್ಯೆಯ ಮಹತ್ವದ ಬಗ್ಗೆ ಇತ್ತು. "ಇದು ಮಾತ್ರ ನಿನ್ನದು ಅಂತ ನನಗೆ ಅನ್ನಿಸಲ್ಲಮ್ಮ" ಎಂದೆ. ಅವಳು ಜೋರಾಗಿ ನಕ್ಕು, "ಹೌದು ಫಾದರ್, ಕೊನೇಲಿ ನೀತಿ ಇರಬೇಕು ಅಂತ ಟೀಚರ್ ಹೇಳಿದ್ರು" ಎಂದಳು. ಮೇಷ್ಟ್ರು ಇದ್ದಲಿಗೆ ಅವರ ಮಾತಿನಲ್ಲಿ ಏನನ್ನುತ್ತಾರೆಂದು ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ವೇದಿಕೆಯ ಮೇಲೆ 78 ಅಂಕ ಪಡೆದಾಗ ಆ ಹುಡುಗಿಯ ಮುಖದಲ್ಲಿ ಇಲ್ಲದಿದ್ದ ಸಂತೋಷ, ಆ ನಾಲ್ಕು ಸಾಲು ಚೆನ್ನಾಗಿಲ್ಲ ಎಂದಾಗ ಕಂಡಿತು. ಏಕೆಂದರೆ ಆಗ ಮೊದಲ ಸಲ ಯಾರೋ ಅವಳ ಕವಿತೆಯನ್ನು ಕೇಳಿದ್ದರು.

ಸೈಕಲ್ ಅಂಗಡಿಯ ಹುಡುಗನ ಮನೆಗೂ ಹೋದೆ. ಅವನ ತಾಯಿ "ಹೋಗ್ಲಿ ಬಿಡಿ ಫಾದರ್, ಒಂದು ಡಬ್ಬಿ ವಿಷಯ" ಎಂದರು. ಹುಡುಗ ಏನೂ ಹೇಳಲಿಲ್ಲ, ನೆಲ ನೋಡುತ್ತಾ ನಿಂತಿದ್ದ. ಅವನಿಗೆ ಅದು ಡಬ್ಬಿಯ ವಿಷಯವಾಗಿರಲಿಲ್ಲ. ಒಂದು ಪುಸ್ತಕ ಕೊಂಡೊಯ್ದಿದ್ದೆ, ಕೊಟ್ಟೆ. ಕೊಟ್ಟದ್ದರಿಂದ ಆದ ಅನ್ಯಾಯ ಸರಿಹೋಯಿತೆಂದು ನಾನು ಹೇಳಲಾರೆ. ಕೆಲವು ತಪ್ಪುಗಳನ್ನು ಒಪ್ಪಿಕೊಳ್ಳಬಹುದು, ಅಳಿಸಲಾಗದು.

ನಮ್ಮ ಮನೆಗಳಲ್ಲಿ

ಈ ವರ್ಷದ ಗೋಷ್ಠಿಗೆ ಸಮಿತಿ ಮೂರು ತೀರ್ಮಾನ ಮಾಡಿದೆ. ಪ್ರತಿ ಭಾಷೆಗೂ ಅದು ತಿಳಿದ ಒಬ್ಬರು ತೀರ್ಪುಗಾರರ ಪಕ್ಕದಲ್ಲಿ ಕೂರಬೇಕು, ಅವರು ಮಗುವಿನ ತಂದೆಯೋ ತಾಯಿಯೋ ಅಲ್ಲದಿದ್ದರೆ ಸಾಕು. ಕನ್ನಡ ಸಾರಾಂಶವನ್ನು ಮೊದಲೇ ಬರೆಸಿ ಪ್ರತಿ ತೆಗೆಸಿ ಸಭೆಯಲ್ಲಿ ಹಂಚಬೇಕು. ಓದಿದ ಪ್ರತಿ ಮಗುವಿಗೂ ಅಂಕದ ಜತೆಗೆ ಒಂದು ಮೆಚ್ಚುಗೆ, ಒಂದು ತಿದ್ದುಪಡಿ ಬರೆದು ಕೊಡಬೇಕು. ಕೆಲಸ ಹೆಚ್ಚಾಗುತ್ತದೆ, ನಿಜ. ಆದರೆ ಕೆಲಸವೇ ಇಲ್ಲದ ಗೌರವ ಗೌರವವಲ್ಲ ಎಂಬುದನ್ನು ನಾವು ಕಲಿತಿದ್ದೇವೆ.

ತಂದೆತಾಯಿಯರೇ, ಇದು ವೇದಿಕೆಗೆ ಮಾತ್ರ ಸಲ್ಲುವ ಮಾತಲ್ಲ. ಮಗು ತಾನು ಬರೆದದ್ದನ್ನೋ ಬಿಡಿಸಿದ್ದನ್ನೋ ತಂದು ತೋರಿಸಿದಾಗ ನಾವು ಮೊಬೈಲಿನಿಂದ ಅರ್ಧ ಕಣ್ಣೆತ್ತಿ "ಸೂಪರ್ ಪುಟ್ಟಾ" ಎನ್ನುತ್ತೇವೆ. ಅದೂ ಅರ್ಥವಾಗದ ಕವಿತೆಗೆ ಕೊಟ್ಟ 78 ಅಂಕವೇ. ಮಗುವಿಗೆ ಅದು ಗೊತ್ತಾಗುತ್ತದೆ. ಅದರ ಬದಲು ಐದು ನಿಮಿಷ ಕೂತು "ಇದು ಯಾಕೆ ಹೀಗೆ ಬರೆದೆ?" ಎಂದು ಕೇಳಿ ನೋಡಿ. ಅಜ್ಜ ಅಜ್ಜಿಯರ ಭಾಷೆ ನಾಚಿಕೆಯ ವಿಷಯವೆಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ. ಪೇತ್ರನು ಮಹಾಯಾಜಕನ ಅಂಗಳದಲ್ಲಿ ಸಿಕ್ಕಿಬಿದ್ದದ್ದು ಅವನ ಗಲಿಲೇಯದ ಮಾತಿನ ಧಾಟಿಯಿಂದ. ಅಲ್ಲಿಯವರಿಗೆ ಅದು ಹಳ್ಳಿಯ ಮಾತು. ಐವತ್ತು ದಿನಗಳ ಬಳಿಕ, ಪವಿತ್ರಾತ್ಮರು ಇಳಿದುಬಂದ ದಿನ, ಅದೇ ಗಲಿಲೇಯದವರ ಬಾಯಿಂದ ಬಂದದ್ದನ್ನು ದೂರದೂರದ ಜನ ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು. ಅಂದು ದೇವರು ಎಲ್ಲರಿಗೂ ಒಂದೇ ಭಾಷೆ ಕೊಡಲಿಲ್ಲ. ಪ್ರತಿಯೊಬ್ಬನಿಗೂ ಅವನ ತಾಯಿಯ ಮಾತಿನಲ್ಲೇ ಕೇಳಿಸಿದರು.

ನಮಗೆ ಆ ವರ ಇಲ್ಲದಿರಬಹುದು. ಸಿಮೆಂಟ್ ಚೀಲದ ಮೇಲೆ ಕೂತು "ಇದಕ್ಕೆ ನಿಮ್ಮ ಮಾತಿನಲ್ಲಿ ಏನಂತೀರಮ್ಮ?" ಎಂದು ಕೇಳುವುದು ಮಾತ್ರ ಯಾರಿಂದಲೂ ಆಗುವ ಕೆಲಸ.